ಏಲಿಯಜ್ಜಿ ಕಳಕೊಂಡ ಹದಿನೈದು ವರ್ಷ

ರೋಬಿನನ ತಾಪತ್ರಯ ಶುರುವಾದದ್ದು ಅರ್ಧ ಕಿಲೋ ಬಂಗುಡೆಯಿಂದ.

ಇಚಿಲಂಪಾಡಿಯ ಮೀನಿನ ಮುಸ್ತಫಾ ಆ ಬಂಗುಡೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ. ಪೇಪರಿನಲ್ಲಿ ಯಾವುದೋ ಹೊರದೇಶದ ಅಜ್ಜಿಯೊಬ್ಬಳು ನೂರಹನ್ನೊಂದನೇ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುತ್ತಿದ್ದಳು. ಸುತ್ತ ಕೋಟು ಹಾಕಿದ ದೊಡ್ಡ ಮನುಷ್ಯರು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ರೋಬಿನ್ ಸುಮ್ಮನೆ ಮೀನು ಹಿಡಿದುಕೊಂಡು ಮನೆಗೆ ಹೋಗಿದ್ದರೆ ಎಲ್ಲವೂ ಸರಿಯಾಗಿರುತ್ತಿತ್ತು. ಆದರೆ ಸುಮ್ಮನಿರುವ ಜಾಯಮಾನ ಅವನದಲ್ಲ.

"ಇದೆಂತ ದೊಡ್ಡದು? ನಮ್ಮ ಅಮ್ಮಚ್ಚಿಗೆ ನೂರಹದಿಮೂರು" ಅಂದ.

ಅಮ್ಮಚ್ಚಿ ಅಂದರೆ ಅವನ ಅಪ್ಪನ ತಾಯಿ ಏಲಿಕುಟ್ಟಿ, ಊರವರ ಬಾಯಲ್ಲಿ ಏಲಿಯಜ್ಜಿ. ಕೇರಳದಿಂದ ಬಂದು ಕಾಡು ಕಡಿದು ರಬ್ಬರು ನೆಟ್ಟವರ ಪೈಕಿ ಉಳಿದವಳು ಅವಳೊಬ್ಬಳೇ. ರೋಬಿನ್ ಗಾಳಿಯಲ್ಲಿ ಗುಂಡು ಹಾರಿಸಿದ್ದೂ ಅಲ್ಲ. ಕಳೆದ ವರ್ಷ ನೆಂಟರ ಮದುವೆಗೆಂದು ಕೇರಳದ ಪಾಲಾ ಕಡೆಗೆ ಹೋದವನು ಅಜ್ಜಿಯ ತವರಿನ ಇಗರ್ಜಿಯಿಂದ ಅವಳ ಜ್ಞಾನಸ್ನಾನದ ದಾಖಲೆಯ ಪ್ರತಿ ತಂದಿದ್ದ. ಅಪ್ಪನ ಹೆಸರು ಸರಿ, ಅಮ್ಮನ ಹೆಸರು ಸರಿ, ಮಗುವಿನ ಹೆಸರು ಏಲಿಕುಟ್ಟಿ, ಇಸವಿ 1912.

ಮೀನಿನಂಗಡಿಯ ಕಟ್ಟೆಯಲ್ಲಿ ತೀರ್ಥರಾಮ ಕೂತಿದ್ದ. ಪಂಚಾಯತಿನ ಮಾಜಿ ಸದಸ್ಯ. ಚುನಾವಣೆ ಸೋತ ಮೇಲೆ ಮಾಡಲು ಕೆಲಸವಿಲ್ಲದೆ, ಊರಿನ ಹೆಮ್ಮೆಗೆ ಏನಾದರೂ ಸಿಗುತ್ತದಾ ಎಂದು ಕಾಯುತ್ತಿದ್ದವನು. ರೋಬಿನನ ಮಾತು ಕೇಳಿದ್ದೇ ಅವನು ಎದ್ದುನಿಂತ. ಹಿರಿಯರ ವಯಸ್ಸನ್ನು ಪರೀಕ್ಷೆ ಮಾಡಿ ಹೌದು ಅಲ್ಲ ಅನ್ನುವ ಒಂದು ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿ ಉಂಟೆಂದು ಪತ್ತೆ ಮಾಡಿದ. ಅವರಿಗೆ ಬರೆದ. ಅವರು ಇಂಥ ದಿನ ಬರುತ್ತೇವೆ ಅಂದರು. ಮರುದಿನವೇ ಜಂಕ್ಷನ್ನಿನಲ್ಲಿ ಫ್ಲೆಕ್ಸು ಎದ್ದಿತು. ನಡುವೆ ತೀರ್ಥರಾಮ ಕೈಮುಗಿದು ನಿಂತಿದ್ದ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಏಲಿಯಜ್ಜಿ. ಮೇಲೆ, 'ವಿಶ್ವದ ಹಿರಿಯಜ್ಜಿ, ನಮ್ಮೂರ ಹೆಮ್ಮೆ.'

"ವಿಶ್ವ ಅಂತ ಹಾಕಿದ್ದು ಯಾಕೆ ತೀರ್ಥರಾಮಣ್ಣ? ಅವರು ನೋಡಿ ಹೇಳ್ಬೇಕಲ್ಲ?" ಎಂದು ರೋಬಿನ್ ಕೇಳಿದ.

"ಫ್ಲೆಕ್ಸಿಗೆ ದೇಶ ಅಂತ ಹಾಕಿದ್ರೂ ಅಷ್ಟೇ ಕ್ರಯ, ವಿಶ್ವ ಅಂತ ಹಾಕಿದ್ರೂ ಅಷ್ಟೇ ಮಾರಾಯ."

ರೋಬಿನ್ ಇಷ್ಟು ಹಚ್ಚಿಕೊಳ್ಳಲು ಕಾರಣ ಇತ್ತು. ನಲವತ್ತಾರು ವರ್ಷದ ಬಾಳಿನಲ್ಲಿ ಅವನು ಹೇಳಿದ್ದು ಒಂದೂ ನಿಜವಾಗಿರಲಿಲ್ಲ. ಅವನು ವೆನಿಲ್ಲಾ ನೆಟ್ಟ ವರ್ಷವೇ ವೆನಿಲ್ಲಾದ ಕ್ರಯ ಬಿದ್ದಿತು. ನೀರುಂಟು ಎಂದು ತೋರಿಸಿದಲ್ಲಿ ಬಾವಿ ತೋಡಿದ ಮಾವ ಇನ್ನೂ ಮಾತು ಬಿಟ್ಟಿದ್ದರು. ಪೇಟೆಯಲ್ಲಿ ಯಾರಾದರೂ ಗುಡ್ಡೆಗಾತ್ರದ ಸುಳ್ಳು ಹೇಳಿದರೆ, "ರೋಬಿನ್ ಹೇಳಿದನಾ?" ಎಂದು ಕೇಳುವ ಕ್ರಮ ಬಂದುಬಿಟ್ಟಿತ್ತು. ಈ ಒಂದು ಸಲ, ಒಂದೇ ಒಂದು ಸಲ, ನಾನು ಹೇಳಿದ್ದು ಹೌದು ಅಂತ ಆಗಬೇಕು ಎಂಬುದು ಅವನ ಆಸೆ. ಅಮ್ಮಚ್ಚಿಯ ವಯಸ್ಸು ಅವನ ಮಟ್ಟಿಗೆ ಅವನದೇ ಮರ್ಯಾದೆಯಾಗಿತ್ತು.

ಏಲಿಯಜ್ಜಿಯ ಹಿರಿತನದ ಬಗ್ಗೆ ಬೈಲಿನಲ್ಲಿ, ಸುತ್ತಲಿನ ಹತ್ತಾರು ಮನೆಗಳಲ್ಲಿ, ಯಾರಿಗೂ ಸಂಶಯ ಇದ್ದದ್ದೂ ಇಲ್ಲ. ಆ ಬೈಲಿನ ಕ್ರಮ ಹಾಗೆ: ಯಾರ ಮನೆಯ ಮದುವೆಯಾದರೂ ಮದುಮಕ್ಕಳನ್ನು ಹರಸಿ ತಲೆಗೆ ಮೊದಲ ಸೇಸೆ ಅಕ್ಕಿ ಹಾಕುವುದು ಬೈಲಿನ ಅತಿ ಹಿರಿಯ ಹೆಂಗಸು. ವೀಳ್ಯ ಕೊಟ್ಟು ಮೊದಲು ಅವಳನ್ನು ಕರೆದು ಬರಬೇಕು. ಮೂವತ್ತು ವರ್ಷದಿಂದ ಆ ವೀಳ್ಯ ಏಲಿಯಜ್ಜಿಗೇ ಬರುತ್ತಿತ್ತು. ಅವಳು ಹೋಗಿ, ಸೇಸೆ ಹಾಕಿ, ಅಭ್ಯಾಸಬಲದಿಂದ ಶಿಲುಬೆಯ ಗುರುತೂ ಮಾಡಿ, ಬಾಳೆಲೆಯ ಮುಂದೆ ಕೂತು ಗಡದ್ದಾಗಿ ಉಂಡು ಬರುತ್ತಿದ್ದಳು. ಯಾವ ಪುರೋಹಿತರೂ ಅದಕ್ಕೆ ತಕರಾರು ಎತ್ತಿರಲಿಲ್ಲ.

ಬೆಂಗಳೂರಿನವರು ಬರುವ ದಿನ ಬೆಳಿಗ್ಗೆಯೇ ತೀರ್ಥರಾಮ ಬಂದು ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ರಬ್ಬರ್ ಶೀಟುಗಳನ್ನೆಲ್ಲ ತೆಗೆಸಿದ.

"ಬೆಂಗಳೂರಿನವರಿಗೆ ಈ ವಾಸನೆ ಆಗುದಿಲ್ಲ. ಒಳಗೆ ಹಾಕು."

ಒಳಗೆ ಹಾಕಿದ್ದರಿಂದ ವಾಸನೆ ಅಂಗಳದಿಂದ ಮನೆಯೊಳಗೆ ಬಂತು. ಅದನ್ನು ಹೋಗಲಾಡಿಸಲು ರೋಬಿನ್ ಊದುಬತ್ತಿ ಹಚ್ಚಿದ. ಊದುಬತ್ತಿಯ ಹೊಗೆಗೆ ಅಮ್ಮಚ್ಚಿ ಕೆಮ್ಮತೊಡಗಿದಳು. ಅವನ ಅಪ್ಪ ಇಟ್ಟಿ ಈ ಗದ್ದಲ ಬೇಡವೆಂದು ಹಿಂದಿನ ದಿನವೇ ನೆಲ್ಯಾಡಿಯ ತಂಗಿ ಮನೆಗೆ ಹೋಗಿದ್ದ. ರೋಬಿನನ ಹೆಂಡತಿ ಜಿನು ಮಾತ್ರ ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಬರಲಿರುವ ಡಾಕ್ಟರ್ ಮೇಡಮಿಗೆ ಕೊಡಲೆಂದು ಹಲಸಿನ ಹಪ್ಪಳ ಕಟ್ಟುತ್ತಿದ್ದಳು.

"ಸರ್ಟಿಫಿಕೇಟಿನ ಕಥೆಯೂ ವೆನಿಲ್ಲಾದ ಹಾಗೆ ಆಗದಿದ್ರೆ ಸಾಕು" ಎಂದಳು ಅವಳು, ಅವನ ಮುಖ ನೋಡದೆ.

ಜಗಲಿಯಲ್ಲಿ ಏಲಿಯಜ್ಜಿಯ ಪಕ್ಕ ಎಂದಿನಂತೆ ಸೀತಜ್ಜಿ ಬಂದು ಕೂತಿದ್ದಳು. ಸೀತು ರಸ್ತೆಯ ಆಚೆ ಬದಿಯ ಮನೆಯವಳು, ತೀರಿಹೋದ ಮಗನ ಹೆಂಡತಿ ದೇವಕಿಯ ಜೊತೆ ಇರುವವಳು. ಮುಷ್ಟಿಯಷ್ಟು ಜೀವ. ದಿನಾ ಗಂಜಿ ಉಂಡು, ಕೋಲೂರಿಕೊಂಡು ಬಂದು, "ಏಲಿಯಕ್ಕ, ಎದ್ದೆಯಾ?" ಎಂದು ಕೇಳಿ, ಅವಳ ತಲೆ ಬಾಚಿ, ಮಧ್ಯಾಹ್ನದ ತನಕ ಕೂತಿರುತ್ತಿದ್ದಳು. ಇವತ್ತು ಗೆರಸೆಯಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಹೆಕ್ಕುತ್ತಿದ್ದಳು.

ಕೇಂದ್ರದ ಡಾಕ್ಟರ್ ಚಿನ್ಮಯೀ ಬಂದಾಗ ಜಗಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅವಳು ಸಣ್ಣ ಪ್ರಾಯದವಳು, ಮೆದು ಮಾತು. ಅಜ್ಜಿಯ ಕೈ ಹಿಡಿದು ನೋಡಿದಳು, ಹಿಡಿತ ಎಷ್ಟು ಗಟ್ಟಿ ಎಂದು ಒಂದು ಯಂತ್ರ ಹಿಸುಕಿಸಿದಳು, ನಾಲ್ಕು ಹೆಜ್ಜೆ ನಡೆಸಿದಳು. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ಅಜ್ಜಿ, ಇಷ್ಟು ವರ್ಷ ಗಟ್ಟಿಯಾಗಿರಲು ಏನು ತಿನ್ನುತ್ತೀರಿ?"

ಅಜ್ಜಿ ಬಾಯಿ ತೆರೆಯುವ ಮೊದಲೇ ಮುಸ್ತಫಾ ಎದ್ದ. "ಬಂಗುಡೆ ಮೇಡಂ. ಮೂವತ್ತು ವರ್ಷದಿಂದ ನಾನೇ ಕೊಡುದು. ಐಸಿನದ್ದು ಒಂದು ದಿನ ಕೊಟ್ಟವ ಅಲ್ಲ."

"ಮೀನಲ್ಲ, ನೀರು" ಎಂದ ತೀರ್ಥರಾಮ. "ಈ ಬೈಲಿನ ನೀರಿನಲ್ಲಿ ಒಂದು ಶಕ್ತಿ ಉಂಟು. ನಾನು ಸದಸ್ಯ ಆಗಿರುವಾಗ ಪೈಪು ಹಾಕಿಸಿದ್ದು."

"ಪೈಪಿಗೆ ಮೊದಲೇ ಅಜ್ಜಿಗೆ ತೊಂಬತ್ತು ದಾಟಿತ್ತಲ್ಲ ತೀರ್ಥರಾಮಣ್ಣ?" ಎಂದ ಮುಸ್ತಫಾ.

"ಆಮೇಲೆ ಮುಂದೆ ಹೋದದ್ದು ಎಂತದರಿಂದ? ಅದು ಹೇಳು."

ಚಿನ್ಮಯೀ ನಕ್ಕಳು. ರೋಬಿನ್ ಜ್ಞಾನಸ್ನಾನದ ಪ್ರತಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವಳು ಅದನ್ನು ಓದಿ ಪಕ್ಕದಲ್ಲಿಟ್ಟಳು.

"ಇದು ಅಸಲಿ. ಅದರಲ್ಲಿ ಸಂಶಯವಿಲ್ಲ" ಎಂದಳು. ರೋಬಿನನ ಎದೆ ಉಬ್ಬಿತು. "ಆದರೆ ಕಾಗದ ಒಂದು ಹೆಸರನ್ನು ಮಾತ್ರ ಹೇಳುತ್ತದೆ. ಆ ಹೆಸರಿನವರು ಇವರೇ ಅಂತ ಹೇಳುವುದಿಲ್ಲ. ಅಜ್ಜಿ, ನಿಮ್ಮ ದೊಡ್ಡ ಮಗ ಯಾವಾಗ ಹುಟ್ಟಿದ್ದು?"

"ಇಟ್ಟಿಯಾ? ನಾನು ಮದುವೆಯಾಗಿ ಇಲ್ಲಿಗೆ ಬಂದ ಮರುವರ್ಷ."

"ಅಪ್ಪನಿಗೆ ಈಗ ಎಪ್ಪತ್ತನಾಲ್ಕು ಮೇಡಂ" ಎಂದು ರೋಬಿನ್ ಸೇರಿಸಿದ.

"ಕೊನೆಯವರು?"

"ಮೋಳಿ ಆಂಟಿ. ನೆಲ್ಯಾಡಿಗೆ ಕೊಟ್ಟದ್ದು. ಮೊನ್ನೆಯಷ್ಟೇ ಐವತ್ತೊಂಬತ್ತು ಆಯ್ತು. ಕೇಕಿನಲ್ಲಿ ಬರೆಸಿದ್ದೇ ನಾನು" ಎಂದು ರೋಬಿನ್ ಉತ್ಸಾಹದಿಂದ ಹೇಳಿದ. ತನ್ನ ಗುಂಡಿಯನ್ನು ತಾನೇ ಇಷ್ಟು ಖುಷಿಯಿಂದ ತೋಡಿದವರು ಆ ತಾಲೂಕಿನಲ್ಲಿ ಬೇರೆ ಇರಲಿಕ್ಕಿಲ್ಲ.

ಚಿನ್ಮಯೀ ಮತ್ತೆ ಆ ಪ್ರತಿಯನ್ನು ಎತ್ತಿ ಇಸವಿ ನೋಡಿದಳು. "ಅಂದರೆ ಕೊನೆಯ ಮಗು ಹುಟ್ಟುವಾಗ ಅಜ್ಜಿಗೆ ಐವತ್ತನಾಲ್ಕು ವರ್ಷ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು.

"ಆ ಕಾಲದ ಊಟ ಮೇಡಂ" ಎಂದ ತೀರ್ಥರಾಮ.

"ಎಂತ ಊಟ? ನನ್ನ ಹೆಂಡತಿಗೆ ಈಗ ಐವತ್ತನಾಲ್ಕು" ಎಂದ ಮುಸ್ತಫಾ. "ಮೊಮ್ಮಗುವನ್ನು ಎತ್ತಲಿಕ್ಕೇ ಸೊಂಟ ಬಗ್ಗುದಿಲ್ಲ."

ಚಿನ್ಮಯೀ ಅಜ್ಜಿಯ ಹತ್ತಿರಕ್ಕೆ ಸರಿದು ಕೂತಳು. "ಅಜ್ಜಿ, ನಿಮಗಿಂತ ಮೊದಲು ನಿಮ್ಮ ಅಮ್ಮನಿಗೆ ಒಂದು ಹೆಣ್ಣು ಮಗು ಹುಟ್ಟಿತ್ತಾ?"

ಏಲಿಯಜ್ಜಿ ಸೀತಜ್ಜಿಯ ಕಡೆ ನೋಡಿದಳು. ಗೆರಸೆಯ ಮೇಲೆ ಆಡುತ್ತಿದ್ದ ಸೀತಜ್ಜಿಯ ಕೈ ನಿಂತಿತು. ತುಸು ಹೊತ್ತಿನ ಮೇಲೆ ಆ ಕೈ ಮತ್ತೆ ಅಕ್ಕಿಯೊಳಗೆ ಹೋಯಿತು. ಆಗ ಏಲಿಯಜ್ಜಿ ಬಾಯಿ ತೆರೆದಳು.

"ಇತ್ತು. ನನ್ನ ಚೇಚಿ, ಅಕ್ಕ. ನಾಲ್ಕು ವರ್ಷಕ್ಕೆ ಜ್ವರ ಬಂದು ಹೋಯ್ತು. ಅವಳೂ ಏಲಿಕುಟ್ಟಿಯೇ. ನಮ್ಮಲ್ಲಿ ಮೊದಲ ಹೆಣ್ಣಿಗೆ ಅಪ್ಪನ ಅಮ್ಮನ ಹೆಸರು ಇಡ್ಬೇಕು. ಅವಳು ಹೋದ ಮೇಲೆ ಗಂಡುಮಕ್ಕಳೇ ಹುಟ್ಟಿದ್ದು. ಮತ್ತೆ ಬಂದ ಹೆಣ್ಣು ನಾನು. ಹೆಸರು ಮನೆಯಲ್ಲಿ ಖಾಲಿ ಬಿದ್ದಿತ್ತು, ನನಗೆ ಬಂತು." ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಅಮ್ಮ 'ಏಲಿಕುಟ್ಟೀ' ಅಂತ ಕರೀವಾಗ ಅವರ ಕಣ್ಣಿಗೆ ಮೊದಲು ಯಾರು ಬರ್ತಿದ್ರೋ. ನಾನು ಕೇಳ್ಲಿಲ್ಲ. ಕೇಳಿದ್ರೆ ಅವರಿಗೂ ಕಷ್ಟ, ನನಗೂ ಕಷ್ಟ."

"ಹಾಗಾದರೆ ನೀವು ಹುಟ್ಟಿದ್ದು?"

"ದೊಡ್ಡ ನೆರೆ ಬಂದು ಹೋಗಿ ಮೂರು ವರ್ಷಕ್ಕೆ ಅಂತ ಹೇಳ್ತಿದ್ರು."

"ಕೇರಳದ ಆ ನೆರೆ 1924ರದ್ದು" ಎಂದಳು ಚಿನ್ಮಯೀ. "ನಿಮಗೆ ತೊಂಬತ್ತೆಂಟು ಅಜ್ಜಿ. ಎಷ್ಟು ಚೆನ್ನಾಗಿದ್ದೀರಿ."

"ಬರೀ ತೊಂಬತ್ತೆಂಟಾ?" ಎಂದ ತೀರ್ಥರಾಮ. ಅಜ್ಜಿ ಇನ್ನೂ ಅಂಗನವಾಡಿಗೆ ಹೋಗುವವಳು ಎಂಬಂತಿತ್ತು ಅವನ ದನಿ.

ಜಗಲಿ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತೊಂಬತ್ತೆಂಟಕ್ಕೆಲ್ಲ ತನ್ನ ಬಂಗುಡೆಯೇ ಬೇಕೆಂದಿಲ್ಲ ಎಂದು ಹೇಳಿ ಮುಸ್ತಫಾ ಎದ್ದ. ನೀರಿನ ಶಕ್ತಿಯ ಬಗ್ಗೆ ತೀರ್ಥರಾಮ ಮತ್ತೆ ಬಾಯಿ ಬಿಡಲಿಲ್ಲ. "ರೋಬಿನ್ ಹೇಳಿದ್ದಲ್ವಾ, ನನಗೆ ಮೊದಲೇ ಡೌಟಿತ್ತು" ಎಂದು ಅಂಗಳ ದಾಟುವಾಗ ಯಾರೋ ಹೇಳಿದ್ದು ಎಲ್ಲರಿಗೂ ಕೇಳಿತು. ಒಂದು ಶತಮಾನಕ್ಕೆ ಎರಡೇ ವರ್ಷ ಕಡಿಮೆ ಬಾಳಿದ ಹೆಂಗಸು ಯಾರಿಗೂ ಬೇಡವಾಗಿ ಜಗಲಿಯಲ್ಲಿ ಕೂತಿದ್ದಳು.

ಹೊರಡುವಾಗ ಚಿನ್ಮಯೀ ಸುತ್ತ ನೋಡಿದಳು. "ಇಲ್ಲಿ ಇನ್ನೊಬ್ಬರು ಅಜ್ಜಿ ಇದ್ದರಲ್ಲ? ಅವರಿಗೆಷ್ಟು?"

"ಸೀತಜ್ಜಿಗಾ? ತೊಂಬತ್ತು ಆಗಿರ್ಬಹುದು" ಎಂದ ತೀರ್ಥರಾಮ. "ಏಲಿಯಜ್ಜಿಗಿಂತ ಸಣ್ಣ. ಒಂದು ಕಾಗದ ಇಲ್ಲ. ಆಧಾರ್ ಮಾಡಿದವ ಮುಖ ನೋಡಿ ಬರೆದದ್ದು."

ಸೀತಜ್ಜಿ ಅಷ್ಟರಲ್ಲಿ ಗೆರಸೆ ಎತ್ತಿಕೊಂಡು ರಸ್ತೆ ದಾಟಿಯಾಗಿತ್ತು. ಕೋಲಿನವಳು ಅಷ್ಟು ಬೇಗ ಹೇಗೆ ಹೋದಳೆಂದು ಯಾರಿಗೂ ಹೊಳೆಯಲಿಲ್ಲ.

ಕಾರು ಹೋದ ಮೇಲೆ ರೋಬಿನ್ ಅಮ್ಮಚ್ಚಿಯ ಎದುರು ಬಂದು ನಿಂತ. ಸಿಟ್ಟಿಗಿಂತ ಅಳುವೇ ಹತ್ತಿರ ಇತ್ತು.

"ಅಮ್ಮಚ್ಚೀ, ಮೂವತ್ತು ವರ್ಷ ಊರಿಡೀ ಹಿರಿಯವಳು ಅಂತ ನಿಮ್ಮ ಕೈಯಲ್ಲಿ ಸೇಸೆ ಹಾಕಿಸಿಕೊಂಡ್ರು. ನಾನು ಕಾಗದ ಹಿಡ್ಕೊಂಡು ಬಂದಾಗ್ಲೂ ನೀವು ಸುಮ್ಮನಿದ್ರಿ. ಒಂದು ಮಾತು ಹೇಳ್ಬಾರದಿತ್ತಾ? ನಾಳೆಯಿಂದ ನಾನು ಪೇಟೆಗೆ ಹೇಗೆ ಹೋಗುದು?"

"ಕೂತ್ಕೋ" ಎಂದಳು ಅಜ್ಜಿ. ಅವನು ಕೂರಲಿಲ್ಲ. ಅವಳು ರಸ್ತೆಯ ಆಚೆಗೆ ನೋಡುತ್ತಲೇ ಹೇಳಿದಳು.

"ಸೀತುನ ಮಗ ಐತಪ್ಪ ತೀರಿಹೋದ ವರ್ಷ ತೀರ್ಥರಾಮನ ಮದುವೆ. ಅವನ ಅಪ್ಪ ವೀಳ್ಯ ಹಿಡ್ಕೊಂಡು ಬಂದ್ರು. ನನ್ನಲ್ಲಿಗಲ್ಲ, ಸೀತುನಲ್ಲಿಗೆ. ಬೈಲಿಗೆ ಹಿರಿಯವಳು ನೀನಲ್ವಾ ಅಂತ. ಅವಳಿಗೆ ಮೂರು ಹೆಣ್ಣುಮಕ್ಕಳು ಮೊದಲೇ ಹೋಗಿದ್ರು, ಪಂಜಕ್ಕೆ ಕೊಟ್ಟದ್ದು ಇಬ್ರು, ಕೊಲ್ಲಮೊಗ್ರಿಗೆ ಒಬ್ಳು. ಕೊನೆಗೆ ಈ ಮಗನೂ. ಅಡುಗೆಕೋಣೆಗೆ ಬಂದು ನನ್ನ ಕೈ ಹಿಡ್ಕೊಂಡ್ಲು. 'ಹೆತ್ತ ಮಕ್ಕಳನ್ನೆಲ್ಲ ಕಳಿಸಿ ಕೂತ ಕೈ ಇದು ಏಲಿ. ಇದರಲ್ಲಿ ಬೇರೆಯವರ ಮಕ್ಕಳಿಗೆ ಸೇಸೆ ಹಾಕುದು ಹೇಗೆ? ಮಕ್ಕಳ ಆಯುಷ್ಯ ತಿಂದು ಉಳಿದವಳು ಅಂತ ಎಲ್ಲರೂ ನನ್ನ ವರ್ಷ ಲೆಕ್ಕ ಮಾಡ್ತಾರೆ' ಅಂತ. ನಾನು ಹೊರಗೆ ಬಂದೆ. ಹಿರಿಯವಳು ನಾನು, ವೀಳ್ಯ ನನಗೆ ಕೊಡಿ ಅಂದೆ. ಆ ಮನುಷ್ಯ ನನ್ನ ಮುಖ ನೋಡಿದ್ರು. ಗೊತ್ತಾಯ್ತೋ ಏನೋ, ವೀಳ್ಯ ಕೊಟ್ರು. ಅವತ್ತಿಂದ ಅವಳು ನನ್ನನ್ನು ಅಕ್ಕ ಅಂತ ಕರೀಲಿಕ್ಕೆ ಶುರು ಮಾಡಿದ್ದು. ಯಾರು ಕೇಳಿದ್ರೂ ನಾನು ನನ್ನ ಪ್ರಾಯ ನಾಲ್ಕು ಜಾಸ್ತಿಯೇ ಹೇಳಿದ್ದು. ಅವಳು ಅದರ ನೆರಳಲ್ಲಿ ಕೂತ್ಕೊಳ್ಲಿ ಅಂತ."

ರೋಬಿನ್ ನಿಧಾನವಾಗಿ ಕೂತ. "ಹಾಗಾದ್ರೆ ಸೀತಜ್ಜಿಗೆ?"

"ನನಗೆಂತ ಗೊತ್ತು? ನಿನ್ನ ಅಪ್ಪನನ್ನು ಹೆರುವ ಮೊದಲು, ನಾನು ಮದುಮಗಳಾಗಿ ಇಲ್ಲಿಗೆ ಬಂದಾಗ, ಸೀತುನ ದೊಡ್ಡ ಮಗಳು ಬಾಣಂತಿ. ಎರಡನೆಯವಳ ಮದುವೆ. ಆ ಮದುವೆಯ ಪಾಯಸ ಉಂಡದ್ದೇ ಈ ಊರಿನಲ್ಲಿ ನನ್ನ ಮೊದಲ ಊಟ."

ರೋಬಿನ್ ಬೆರಳು ಮಡಚಿದ. ಬಾಣಂತಿ ಮಗಳಿಗೆ ಹದಿನೆಂಟು ಹಿಡಿದ, ತಾಯಿಗೆ ಅವಳನ್ನು ಹೆರುವಾಗ ಮತ್ತೊಂದು ಹದಿನೆಂಟು ಹಿಡಿದ, ಅಪ್ಪನ ಎಪ್ಪತ್ತನಾಲ್ಕನ್ನು ಕೂಡಿಸಿದ. ನೂರಹತ್ತು ದಾಟಿತು. ತಪ್ಪಿರಬೇಕೆಂದು ಮತ್ತೆ ಮಡಚಿದ. ಮತ್ತೂ ದಾಟಿತು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಮನೆ ಒಂದು ತಪ್ಪಿತ್ತು, ಅಷ್ಟೆ.

ಅವನು ದಡಕ್ಕನೆ ಎದ್ದು ಅಂಗಳಕ್ಕೆ ಹಾರಿದ.

"ಕಾರಿನ ಹಿಂದೆ ಹೋಗುದಾ?" ಎಂದು ಜಿನು ಒಳಗಿಂದ ಓಡಿಬಂದಳು. "ಹಾಗಾದ್ರೆ ಈ ಹಪ್ಪಳ ಕೊಡಿ. ಗಲಾಟೆಯಲ್ಲಿ ಮರೆತೇಹೋಯ್ತು." ಕಟ್ಟು ಅವನ ಕೈಗೆ ಬಂತು. ಅಮ್ಮಚ್ಚಿ ಅವನನ್ನು ತಡೆಯಲಿಲ್ಲ, ಕರೆಯಲೂ ಇಲ್ಲ.

ಇಳಿಜಾರಿನಲ್ಲಿ ಚಪ್ಪಲಿಯ ಬಾರು ಕಿತ್ತುಹೋಯಿತು. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಕಂಕುಳಲ್ಲಿ ಹಪ್ಪಳ. ಜಂಕ್ಷನ್ನಿಗೆ ಬರುವಾಗ ಅವನು ನಾಯಿ ಅಟ್ಟಿಸಿಕೊಂಡು ಬಂದವನಂತೆ ಏದುತ್ತಿದ್ದ. ಅದೃಷ್ಟಕ್ಕೆ ಕಾರು ಅಲ್ಲೇ ನಿಂತಿತ್ತು. ಚಿನ್ಮಯೀ ಬೊಂಡದ ಎಳನೀರು ಕುಡಿಯುತ್ತಿದ್ದಳು. ಮೇಲೆ ತೀರ್ಥರಾಮನ ಜನ ಫ್ಲೆಕ್ಸು ಬಿಚ್ಚುತ್ತಿದ್ದರು. ಮುಸ್ತಫಾನ ಅಂಗಡಿಯ ಎದುರು ಊರೇ ಸೇರಿತ್ತು.

"ಬಂದ ನೋಡಿ, ಇನ್ನೆಷ್ಟು ವರ್ಷ ತಂದಿದ್ದಾನೋ" ಎಂದ ತೀರ್ಥರಾಮ. ಎಲ್ಲರೂ ನಕ್ಕರು.

"ಏನು ರೋಬಿನ್?" ಎಂದು ಚಿನ್ಮಯೀ ಬೊಂಡ ಕೆಳಗಿಟ್ಟಳು. "ಇನ್ನೇನಾದರೂ ಹೇಳುವುದಿತ್ತಾ?"

ಇತ್ತು. ಒಂದೇ ಒಂದು ವಾಕ್ಯ. ಅದನ್ನು ಹೇಳಿದರೆ ಈ ನಗು ನಿಲ್ಲುತ್ತಿತ್ತು, ಕಾರು ತಿರುಗುತ್ತಿತ್ತು, ಬಿಚ್ಚಿದ ಫ್ಲೆಕ್ಸು ಮತ್ತೆ ಏರುತ್ತಿತ್ತು. ಆಮೇಲೆ ಈ ಜನವೇ ಸೀತಜ್ಜಿಯ ಜಗಲಿಗೆ ಹತ್ತಿ, ನಿಮ್ಮ ಮಕ್ಕಳು ಎಷ್ಟು, ದೊಡ್ಡವಳು ಯಾವಾಗ ಹುಟ್ಟಿದ್ದು, ಯಾವಾಗ ಹೋದದ್ದು, ಎರಡನೆಯವಳು ಯಾವಾಗ ಎಂದು ಒಬ್ಬೊಬ್ಬರನ್ನೇ ಕೇಳಬೇಕು. ಕಾಗದ ಇಲ್ಲದವಳ ವಯಸ್ಸನ್ನು ಅಳೆಯಲು ಅವಳ ಸತ್ತ ಮಕ್ಕಳನ್ನು ಬಿಟ್ಟರೆ ಬೇರೆ ಅಳತೆಕೋಲು ಇರಲಿಲ್ಲ. ಅಕ್ಕಿಯ ಮೇಲೆ ನಿಂತುಹೋಗಿದ್ದ ಆ ಕೈ ಅವನ ಕಣ್ಣೆದುರು ಬಂತು. ಅವನು ಕಂಕುಳಿನ ಕಟ್ಟನ್ನು ಮುಂದೆ ಚಾಚಿದ.

"ಹಪ್ಪಳ" ಎಂದ ರೋಬಿನ್.

"ಏನು?"

"ಹಲಸಿನದ್ದು. ಹೆಂಡತಿ ಕೊಟ್ಟದ್ದು. ತೆಗೊಳ್ಳಿ ಮೇಡಂ."

ಚಿನ್ಮಯೀಯ ಮುಖ ಗಂಭೀರವಾಯಿತು. "ನಾವು ಮನೆಯವರಿಂದ ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಕ್ಷಮಿಸಿ" ಎಂದಳು. ಅವನು ಇನ್ನೂ ಕಟ್ಟು ಚಾಚಿಕೊಂಡೇ ನಿಂತದ್ದು ಕಂಡು ಮೆಲ್ಲಗೆ ಸೇರಿಸಿದಳು, "ಇದರಿಂದ ವಯಸ್ಸು ಬದಲಾಗುವುದಿಲ್ಲ ರೋಬಿನ್."

ಕಾರು ಹೋಯಿತು. ಅವಳು ಮೆಲ್ಲಗೆ ಹೇಳಿದ ಮಾತು ಜಂಕ್ಷನ್ನಿನಲ್ಲಿ ಯಾರಿಗೂ ಕೇಳದೆ ಉಳಿಯಲಿಲ್ಲ.

"ಲಂಚ ಕೊಡ್ಲಿಕ್ಕೆ ಬಂದದ್ದಾ ನೀನು?" ಎಂದ ಮುಸ್ತಫಾ, ನಿಜವಾಗಿಯೂ ಬೇಸರಪಟ್ಟು. "ಅದೂ ಹಪ್ಪಳ? ಊರಿನ ಮರ್ಯಾದೆ ತೆಗೆದೆಯಲ್ಲ ರೋಬಿನಣ್ಣ. ಕೊಡುದಾದ್ರೆ ಅಂಜಲ್ ಮೀನಾದ್ರೂ ಕೊಡ್ಬೇಕಿತ್ತು."

ಇಷ್ಟು ದಿನ ರೋಬಿನ್ ಸುಳ್ಳುಗಾರ ಮಾತ್ರ ಆಗಿದ್ದ. ಆ ಮಧ್ಯಾಹ್ನದಿಂದ ಲಂಚಕೋರನೂ ಆದ. ಮಗಳ ಮದುವೆ ಹತ್ತಿರ ಬಂದಿದ್ದ ತೀರ್ಥರಾಮ, ತೊಂಬತ್ತೆಂಟಾದರೂ ಬೈಲಿಗೆ ಹಿರಿಯವಳು ಏಲಿಯಜ್ಜಿಯೇ, ವೀಳ್ಯ ಅವಳಿಗೇ ಕೊಡಬೇಕಲ್ಲ ಎಂದು ಗೊಣಗುತ್ತಾ ಫ್ಲೆಕ್ಸು ಮಡಚಿದ. ಅಷ್ಟಾದರೂ ಉಳಿಯಿತು.

ರೋಬಿನ್ ಹಿಂದೆ ಬರುವಾಗ ಸೀತಜ್ಜಿ ತನ್ನ ಮನೆಯ ಮೆಟ್ಟಿಲಲ್ಲಿ ಕೂತಿದ್ದಳು. ಮಡಿಲಲ್ಲಿ ಅದೇ ಗೆರಸೆ. ಹೆಕ್ಕಿದ ಅಕ್ಕಿಯನ್ನೇ ಮತ್ತೆ ಹೆಕ್ಕುತ್ತಿದ್ದಳು.

"ಏಲಿ ಹೇಳಿದ್ಲಾ?" ಎಂದು ಕೇಳಿದಳು. ಏಲಿಯಕ್ಕ ಅನ್ನಲಿಲ್ಲ.

"ಹೂಂ."

"ನೀನು ಹೇಳಿದೆಯಾ?"

"ಇಲ್ಲ ಸೀತಜ್ಜಿ. ಹಪ್ಪಳ ಕೊಡ್ಲಿಕ್ಕೆ ಹೋದದ್ದು."

'ನಿಮಗಾಗಿ ಸುಮ್ಮನಾದೆ' ಎಂದು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಜಂಕ್ಷನ್ನಿನಲ್ಲಿ ಹೇಳದೆ ಬಿಟ್ಟ ವಾಕ್ಯ ಇನ್ನೂ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಬೇಕಿತ್ತೇನೋ ಎಂಬ ಆಸೆ ಸತ್ತಿರಲಿಲ್ಲ. ಅಂಥ ಆಸೆ ಇಟ್ಟುಕೊಂಡೇ ಅವಳೆದುರು ನಿಂತದ್ದಕ್ಕೆ ಅವನಿಗೆ ನಾಚಿಕೆಯೂ ಆಯಿತು.

ಸೀತಜ್ಜಿ ಅವನನ್ನು ಬಹಳ ಹೊತ್ತು ನೋಡಿದಳು. "ಬಗ್ಗು" ಎಂದಳು.

ಅವನು ಬಗ್ಗಿದ. ಅವಳು ಗೆರಸೆಯಿಂದ ಒಂದು ಚಿಟಿಕೆ ಅಕ್ಕಿ ತೆಗೆದಳು. ಕೈ ತುಸು ಹೊತ್ತು ಗಾಳಿಯಲ್ಲೇ ನಿಂತಿತು. ಮೂವತ್ತು ವರ್ಷ ಯಾರ ತಲೆಗೂ ಸೇಸೆ ಹಾಕದ ಕೈ ಆಮೇಲೆ ಅವನ ತಲೆಯ ಮೇಲೆ ಅಕ್ಕಿ ಬಿಟ್ಟು, ಅಲ್ಲೇ ಒಂದು ಗಳಿಗೆ ಇದ್ದು, ಹಿಂದೆ ಹೋಯಿತು. ದೇಶಕ್ಕೇ ಹಿರಿಯದಾಗಿರಬಹುದಾದ ಕೈ. ಅದನ್ನು ಅವನು ಯಾರಲ್ಲಿಯೂ ಹೇಳಿಕೊಳ್ಳುವ ಹಾಗಿರಲಿಲ್ಲ. ಹೇಳಿದರೆ ನಂಬುವವರೂ ಇರಲಿಲ್ಲ.

ಮನೆಗೆ ಬಂದಾಗ ಜಿನು ಹಪ್ಪಳದ ಕಟ್ಟನ್ನು ನೋಡಿದಳು, ಬರಿಗಾಲನ್ನು ನೋಡಿದಳು, ಆಮೇಲೆ ತಲೆಯನ್ನು ನೋಡಿದಳು.

"ಕೂದಲಲ್ಲಿ ಎಂತ ಅಕ್ಕಿ?"

"ಸೀತಜ್ಜಿಯ ಕೋಳಿಗೆ ಹಾಕುವಾಗ ಬಿದ್ದದ್ದು" ಎಂದ ರೋಬಿನ್.

"ಅವರಲ್ಲಿ ಕೋಳಿ ಎಲ್ಲಿ ಉಂಟು?" ಎಂದಳು ಜಿನು. "ಸುಳ್ಳು ಹೇಳ್ಲಿಕ್ಕೂ ಸರಿಯಾಗಿ ಬರುದಿಲ್ಲ ನಿಮಗೆ."

ಜಗಲಿಯಲ್ಲಿ ಏಲಿಯಜ್ಜಿ ಆ ಅಕ್ಕಿಯನ್ನು ನೋಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಊದುಬತ್ತಿಯ ಹೊಗೆ ಇನ್ನೂ ಹೋಗಲಿಲ್ಲ ಎಂದಳು.